ಬಲೆ ಮೀನುಗಾರನದು, ಬೆಲೆ ಸಾವ್ಕಾರನದು



ಹೈಸ್ಕೂಲಿನಲ್ಲಿ ನಮ್ಮ ಭೂಗೋಳದ ಮೇಷ್ಟ್ರು ನಾರ್ವೆ ದೇಶವೆಂದರೆ 'ಮಧ್ಯರಾತ್ರಿಯ ಸೂರ್ಯನ ನಾಡು' ಅಂತ ಬಾಯಿಪಾಠ ಮಾಡಿಸಿದ್ದರು. ಪರೀಕ್ಷೆಯಲ್ಲಿ ಬರೆದು ಒಂದು ಮಾರ್ಕು ತಗೊಂಡೆವು, ಮರೆತೆವು. ಅದೇ ನಾಡಿನ ಉತ್ತರದ ತುದಿಯಲ್ಲಿ, ರಷ್ಯಾ ಗಡಿಗೆ ಅಂಟಿಕೊಂಡ ಫಿನ್‌ಮಾರ್ಕ್ ಸೀಮೆಯಲ್ಲಿ, ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ ಅನ್ನೋದನ್ನು ಮೇಷ್ಟ್ರು ಹೇಳಲಿಲ್ಲ. ಆ ಕತ್ತಲಲ್ಲಿ ದುಡಿದವನ ಮಾಲಿಗೆ ಬೆಲೆ ಕಟ್ಟುತ್ತಿದ್ದವನು ಯಾರು ಅನ್ನೋದನ್ನೂ ಹೇಳಲಿಲ್ಲ. ಪುಸ್ತಕದಲ್ಲಿದ್ದರೆ ತಾನೆ ಅವರು ಹೇಳೋದು! ಬೆಲೆ ಮತ್ತು ಸಾಲದ ಮಾತೇ ಆಡುವ ಈ ಪತ್ರಿಕೆಯಲ್ಲಿ ಈ ತಿಂಗಳು ಆ ಕಥೆ ಇರಲಿ.

ಅಲ್ಲಿನವನೂ ರೈತನೇ, ಅರ್ಧ ರೈತ, ಅರ್ಧ ಮೀನುಗಾರ. ಕಡಲ ದಂಡೆಯ ಆ ಚಳಿಯಲ್ಲಿ ಕಾಳು ಬಲಿಯುವುದಿಲ್ಲ. ಒಂದೆರಡು ಹಸು, ನಾಲ್ಕಾರು ಕುರಿ, ಅವಕ್ಕೆ ಬೇಕಾದ ಹುಲ್ಲು, ಬೇಸಾಯ ಅಂದರೆ ಇಷ್ಟೇ. ಗಂಡಸರು ತೆರೆದ ದೋಣಿಯಲ್ಲಿ ಕಡಲಿಗೆ ಹೋದರೆ ಕೊಟ್ಟಿಗೆ, ಹುಲ್ಲುಗಾವಲು, ಮಕ್ಕಳು ಎಲ್ಲ ಹೆಂಗಸರ ತಲೆ ಮೇಲೆ. ಮೇವು ಸಾಲದೆ ಬಂದಾಗ ಮೀನಿನ ತಲೆ, ಕಡಲಪಾಚಿ ಬೇಯಿಸಿ ಹಸುವಿನ ಮುಂದಿಡುತ್ತಿದ್ದರು. ಕೇಳಿದರೆ ನಂಬಿಕೆ ಬರೋದಿಲ್ಲ. ಆದರೆ ಬರಗಾಲದಲ್ಲಿ ದನ ಏನೇನು ತಿನ್ನುತ್ತೆ ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ. ಮರವೇ ಬೆಳೆಯದ ಕಡೆ ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಅದನ್ನೇ ಒಲೆಗೆ ಹಾಕುತ್ತಿದ್ದರು.

ಮನೆಗೆ ರೊಕ್ಕ ತರುತ್ತಿದ್ದುದು 'ಕಾಡ್' ಅನ್ನುವ ಮೀನು. ಗಳುಗಳ ಅಟ್ಟಣೆಗೆ ನೇತುಹಾಕಿದರೆ, ಉಪ್ಪೇ ಇಲ್ಲದೆ, ಚಳಿಗಾಳಿಗೇ ಅದು ಕಟ್ಟಿಗೆಯಂತೆ ಒಣಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಯುರೋಪಿನ ಪೇಟೆಗಳಲ್ಲಿ ಅದಕ್ಕೆ ಒಳ್ಳೇ ಗಿರಾಕಿ. ಆದರೆ ಪೇಟೆಗೆ ಹೋಗುವ ದಾರಿ ಬರ್ಗೆನ್ ಪಟ್ಟಣದ ಮೇಲೆಯೇ. ಫಿನ್‌ಮಾರ್ಕಿನಿಂದ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಸುಮಾರು 1360ರಲ್ಲಿ ಹಾನ್ಸಾ ಎಂಬ ಜರ್ಮನ್ ವರ್ತಕರ ಕೂಟ ಅಲ್ಲಿ ಕೋಠಿ ಹೂಡಿತು. ಅದು ಪೂರ್ತಿ ಮುಚ್ಚಿದ್ದು 1754ರಲ್ಲಿ. ಹಿಟ್ಟು, ಹಗ್ಗ, ಗಾಳ, ಬಟ್ಟೆ ಮುಂಗಡ ಕೊಡುವುದು, ಮುಂದಿನ ವರ್ಷ ಮೀನಿನಲ್ಲಿ ವಸೂಲು ಮಾಡುವುದು. ಬಾಕಿ ಇರುವತನಕ ಮೀನನ್ನು ಬೇರೆಯವರಿಗೆ ಮಾರುವಂತಿಲ್ಲ. ಹಿಟ್ಟಿನ ದರವೂ ಅವರದೇ, ಮೀನಿನ ದರವೂ ಅವರದೇ. ಮಂಡಿಯವನ ಮುಂಗಡ ಕೈಯಲ್ಲಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವ್ಕಾರನಿಗೆ ಬೇಕಾದ್ದು ಸಾಲ ತೀರುವುದಲ್ಲ, ಮೀನು ಬರುವುದು. ಒಂದು ಮಾತು ನ್ಯಾಯವಾಗಿ ಹೇಳಬೇಕು: ಮೀನು ಬಾರದ ವರ್ಷ ಹಿಟ್ಟು ಕೊಟ್ಟು ಮಕ್ಕಳನ್ನು ಉಳಿಸಿದವನೂ ಅವನೇ. ಗಂಟು ಬಿಗಿಯಾದದ್ದೂ ಅಲ್ಲಿಯೇ. ಜರ್ಮನರು ಹೋದ ಮೇಲೆ ನಾರ್ವೆಯ ವರ್ತಕರೇ ಆ ಖಾತೆ ಪುಸ್ತಕ ಮುಂದುವರಿಸಿದರು.

ಈ ಗಂಟು ಸ್ವಲ್ಪ ಸಡಿಲವಾದದ್ದು ರಷ್ಯಾದಿಂದ. ಬೇಸಿಗೆಯ ಮೀನಿಗೆ ನೊಣ ಮುತ್ತಿ ಹುಳ ಬೀಳುತ್ತದೆ, ಒಣಗಿಸಲಾಗುವುದಿಲ್ಲ. ವರ್ತಕ ಅದನ್ನು ಕೊಳ್ಳುತ್ತಿರಲಿಲ್ಲ. 18ನೇ ಶತಮಾನದಿಂದ ಬಿಳಿ ಸಮುದ್ರದ ಕಡೆಯ ಪೊಮೋರ್ ಜನ ದೋಣಿ ತುಂಬ ರೈ ಹಿಟ್ಟು, ಮರ ತಂದು, ಹಸಿ ಮೀನನ್ನೇ ತಗೊಂಡು ದೋಣಿಯಲ್ಲೇ ಉಪ್ಪು ಹಾಕಿಕೊಂಡು ಹೋಗುತ್ತಿದ್ದರು. ಕೊಳ್ಳುವವನು ಇನ್ನೊಬ್ಬ ಬಂದ ಕೂಡಲೇ ಮಾರುವವನಿಗೂ ಬಾಯಿ ಬಂತು. 1807ರಿಂದ 1814ರ ಯುದ್ಧಕಾಲದಲ್ಲಿ ಬ್ರಿಟಿಷ್ ನೌಕೆಗಳು ಧಾನ್ಯದ ಹಡಗು ತಡೆದಾಗ ನಾರ್ವೆಯ ಜನ ಮರದ ತೊಗಟೆ ಬೆರೆಸಿ ರೊಟ್ಟಿ ತಟ್ಟಿದರು. ರಷ್ಯಾದ ಹಿಟ್ಟಿನ ಬೆಲೆ ಏನೆಂದು ಆಗ ತಿಳಿಯಿತು. 1917ರ ಕ್ರಾಂತಿಯೊಂದಿಗೆ ಆ ವ್ಯಾಪಾರವೂ ನಿಂತಿತು.

ಸರ್ಕಾರ ಏನು ಮಾಡುತ್ತಿತ್ತು ಅಂತ ಕೇಳುತ್ತೀರಿ. 1902ರಲ್ಲಿ ಒಂದು ಕಾಯಿದೆ ಮಾಡಿತು: ಫಿನ್‌ಮಾರ್ಕಿನಲ್ಲಿ ಸರ್ಕಾರಿ ಜಮೀನು ಬೇಕಾದವನಿಗೆ ನಾರ್ವೆ ಭಾಷೆ ಓದಲು, ಬರೆಯಲು, ಆಡಲು ಬರಬೇಕು. ಆ ನೆಲದಲ್ಲಿ ತಲೆತಲಾಂತರದಿಂದ ಇದ್ದ ಸಾಮಿ ಜನರ ಭಾಷೆಯೇ ಬೇರೆ. ಅವರ ನೆಲ, ಅವರಿಗೇ ಪರೀಕ್ಷೆ!

ಮರುವರ್ಷ, 1903ರಲ್ಲಿ, ಮೆಹಾಮ್ನ್ ಎಂಬ ಊರಲ್ಲಿ ಜನರ ತಾಳ್ಮೆ ಹರಿಯಿತು. ತಿಮಿಂಗಿಲಗಳು ಮೀನನ್ನು ದಡಕ್ಕೆ ಅಟ್ಟಿ ತರುತ್ತವೆ, ಕಂಪನಿಗಳು ಅವನ್ನು ಕೊಂದದ್ದಕ್ಕೇ ಮೀನು ಬರುತ್ತಿಲ್ಲ ಅಂತ ಅವರ ನಂಬಿಕೆ. ವಿಜ್ಞಾನಿಗಳು ಒಪ್ಪಿರಲಿಲ್ಲ. ಸಾವಿರಕ್ಕೂ ಹೆಚ್ಚು ಮೀನುಗಾರರು ತಿಮಿಂಗಿಲ ಕಾರ್ಖಾನೆಯನ್ನು ಕೆಡವಿಹಾಕಿದರು. ಸೈನಿಕರು ಬಂದರು, ಕೆಲವರು ಜೈಲಿಗೆ ಹೋದರು. ಆದರೆ ಉತ್ತರ ಕರಾವಳಿಯಲ್ಲಿ ತಿಮಿಂಗಿಲ ಬೇಟೆಗೆ 1904ರಿಂದ ಹತ್ತು ವರ್ಷ ನಿಷೇಧ ಬಂತು. ನಾರ್ವೆ ಸಂಸತ್ತಿಗೆ ಲೇಬರ್ ಪಕ್ಷದ ಮೊದಲ ಸದಸ್ಯರು ಆರಿಸಿ ಬಂದದ್ದೂ ಅದೇ 1903ರಲ್ಲಿ, ಇದೇ ಉತ್ತರದಿಂದ.

ಕಾರ್ಖಾನೆ ಕೆಡವಿದರೆ ಬೆಲೆ ಏಳುವುದಿಲ್ಲವಲ್ಲ. ಮೀನುಗಾರರು 1926ರಲ್ಲಿ ದೇಶಕ್ಕೆಲ್ಲ ಒಂದು ಸಂಘ ಕಟ್ಟಿದರು. 1930ರ ದಶಕದಲ್ಲಿ ಬೆಲೆ ನೆಲ ಕಚ್ಚಿತು. 1938ರಲ್ಲಿ ಹಸಿಮೀನಿನ ಕಾಯಿದೆ ಬಂತು. ಇದನ್ನು ನಿಧಾನವಾಗಿ ಓದಿ: ಮೀನಿನ ಮೊದಲ ಮಾರಾಟ ಮೀನುಗಾರರದೇ ಒಡೆತನದ ಮಾರಾಟ ಸಂಘದ ಮೂಲಕವೇ ಆಗಬೇಕು. ಕನಿಷ್ಠ ಬೆಲೆಯನ್ನು ಸಂಘ ಕೊಳ್ಳುವವರೊಂದಿಗೆ ಕೂತು ಮಾತಾಡುತ್ತದೆ. ಒಪ್ಪಂದ ಆಗದಿದ್ದರೆ ಸಂಘವೇ ನಿಗದಿ ಮಾಡಬಹುದು. ಅದಕ್ಕಿಂತ ಕಡಿಮೆಗೆ ಕೊಳ್ಳುವುದು ಅಪರಾಧ. ಸರ್ಕಾರ ಕೊಟ್ಟದ್ದು ಸಬ್ಸಿಡಿಯಲ್ಲ, ಬೆಲೆ ಹೇಳುವ ಹಕ್ಕು.

1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಫಿನ್‌ಮಾರ್ಕನ್ನು ಸುಟ್ಟಿತು, ಸುಮಾರು 50,000 ಜನರನ್ನು ಎಬ್ಬಿಸಿ ಕಳಿಸಿತು. ಸಾವಿರಾರು ಜನ ಹೋಗಲೊಲ್ಲದೆ ಗವಿಗಳಲ್ಲಿ, ಮಣ್ಣಿನ ಗುಡಿಸಲುಗಳಲ್ಲಿ ಚಳಿಗಾಲ ಕಳೆದರು. ಮನೆ, ದೋಣಿ, ಕೊಟ್ಟಿಗೆ ಯಾವುದೂ ಉಳಿಯಲಿಲ್ಲ. ಕಾಯಿದೆ ಉಳಿಯಿತು, 1951ರಲ್ಲಿ ಅದನ್ನು ಕಾಯಂ ಮಾಡಿದರು. 2013ರ ಹೊಸ ಕಾಯಿದೆಯಲ್ಲೂ ಅದೇ ತತ್ವ ಇದೆ.

ಅಲ್ಲೀಗ ಎಲ್ಲ ಸುಖ ಅಂತ ತಿಳಿಯಬೇಡಿ. 1989ರಲ್ಲಿ ಮೀನು ತೀರ ಕಡಿಮೆಯಾಗಿ, 1990ರಿಂದ ದೋಣಿಗೆ ಇಷ್ಟೇ ಅಂತ ಕೋಟಾ ಬಂತು. ಕೋಟಾ ಇರುವ ದೋಣಿಯ ಬೆಲೆ ಆಕಾಶಕ್ಕೇರಿದೆ. ಕಸುಬಿಗಿಳಿಯುವ ಹುಡುಗ ಮೀನು ಹಿಡಿಯುವ ಮುಂಚೆಯೇ ಬ್ಯಾಂಕಿನ ಸಾಲಕ್ಕೆ ರುಜು ಹಾಕಬೇಕಾಗಿದೆ.