ಭಾಗ 4: ಕ್ಯೂಆರ್ ಕೋಡ್ ಹಾಕೂಕಿಂತ ಮೊದಲ ಕಾರ್ಡ್ ಕೇಳ್ರಿ

1/6
ನಿಮ್ಮ ಸ್ಟೋರಿಯೊಳಗೂ ಬಂದಿರ್ತದ. ಐಸಿಯು ಹಾಸಿಗಿ ಫೋಟೊ, ಕೆಳಗ ಕ್ಯೂಆರ್ ಕೋಡ್, "ದಯವಿಟ್ಟು ಸಹಾಯ ಮಾಡ್ರಿ". ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರೂ ಬಿಟ್ಟಿಲ್ಲ. ನಾವು ಐವತ್ತೋ ನೂರೋ ಹಾಕ್ತೀವಿ. ಹಾಕೂದು ಒಳ್ಳೇದ. ಆದ್ರ ಕಾಮೆಂಟ್‌ನ್ಯಾಗ ಒಬ್ಬ ಬಂದು "ಇನ್ಶೂರೆನ್ಸ್ ಯಾಕ ಮಾಡಿಸಲಿಲ್ಲ?" ಅಂತಾನಲ್ಲ, ಈ ಪೋಸ್ಟ್ ಅವನಿಗೆ.

2/6
ತಮ್ಮಾ, ತೊಗರಿ ಮಾರಿದಾಗಷ್ಟ ರೊಕ್ಕ ಕಾಣೋ ಮನಿ ಅದು. ಗೋವಾಕ್ಕ, ಮಹಾರಾಷ್ಟ್ರಕ್ಕ ದುಡಿಯಾಕ ಹೋಗೋ ಮಂದಿ. ಶುಗರ್, ಬಿಪಿ ಇರೋ ಆಯಿಗೆ ಪಾಲಿಸಿ ಕೇಳಿ ನೋಡು: ಪ್ರೀಮಿಯಂ ದುಬಾರಿ, ಮೊದಲಿಂದ ಇದ್ದ ಕಾಯಿಲೆಗೆ 3 ವರ್ಷದ ತನಕ ಕಾಯಿಸಬಹುದು. ಬಡವರ ತಪ್ಪು ಹುಡುಕೂದು ಸುಲಭ. ಅವರ ಹಕ್ಕು ಹುಡುಕಿ ಕೊಡೂದು ನಮ್ಮ ಕೆಲಸ.

3/6
ಹಕ್ಕು ಅದ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ನಡದದ. ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಎಪಿಎಲ್ ಆದ್ರೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕ 1.5 ಲಕ್ಷದ ತನಕ. ಆದ್ರ ಚಿಕಿತ್ಸೆಗೂ ಮೊದಲ ಅನುಮತಿ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಚೀಟಿ ಬೇಕು. ಪಟ್ಟಿಯಲ್ಲಿರೋ ತುರ್ತು ಚಿಕಿತ್ಸೆಗೆ ಚೀಟಿ ಬ್ಯಾಡ. ಅದಕ್ಕ ಬಂಗಾರ ಅಡವಿಡೂ ಮೊದಲ, ಬಡ್ಡಿ ಸಾಲ ತರೂ ಮೊದಲ, ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಲ್ಲಿ ಕೂರ್ತಾರ ಅಂತ ಕೇಳ್ರಿ. ಇಂಡಿಯವರಿಗೆ ಸೋಲಾಪುರ ಹತ್ರ, ಖರೇ. ಗಾಡಿ ಹತ್ತೂ ಮೊದಲ ಅಲ್ಲಿ ನಮ್ಮ ಕಾರ್ಡ್ ನಡೀತದೋ ಇಲ್ಲೋ ಫೋನ್ ಮಾಡಿ ಕೇಳ್ರಿ.

4/6
ಮನಿಯೊಳಗ ಎಲ್ಲರಿಗೂ ಸೌಲಭ್ಯ, ಒಬ್ಬರಿಗಷ್ಟ ಇಲ್ಲ. ಹೆಂಗ? ಹೊಸದಾಗಿ ಬಂದ ಸೊಸಿ. ತವರುಮನಿ ರೇಷನ್ ಕಾರ್ಡಿನಿಂದ ಹೆಸರು ತೆಗೆಸ್ಯಾರ, ಇಲ್ಲಿ ಸೇರಿಸಿಲ್ಲ. ಅಜ್ಜನ ಆಧಾರ್‌ನ್ಯಾಗ ಒಂದು ಹೆಸರು, ಕಾರ್ಡಿನ್ಯಾಗ ಇನ್ನೊಂದು. ಒಂದು ಅಕ್ಷರದ ತಪ್ಪಿಗೆ ಒಂದು ಎಕರೆ ಹೊಲ ಹೋಗ್ತದ ಅಂದ್ರ ಇದು ಅನ್ಯಾಯ ಅಲ್ಲದ ಮತ್ತೇನು? ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿನೂ ಅದ. 2003ರಾಗ ಶುರುವಾಗಿ, 2018ರಾಗ ನಿಂತು, ಮತ್ತ ಶುರುವಾಗೇದ. ಆದ್ರ ನೋಂದಣಿಗೆ ಗಡುವು ಇರ್ತದ, ಕಾಯಿಲೆ ಬಂದ ಮ್ಯಾಲ ಓಡಿದ್ರ ಆಗಂಗಿಲ್ಲ. ಸೊಸೈಟಿ ಸೆಕ್ರೆಟರಿಗೆ ಈಗಲೇ ಕೇಳ್ರಿ.

5/6
ಖಾಸಗಿ ಆಸ್ಪತ್ರೆಗೂ ಕಾನೂನು ಅದ: 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ದರಪಟ್ಟಿ ಕಾಣೂಹಂಗ ಹಾಕಬೇಕು. 2017ರ ತಿದ್ದುಪಡಿ ಪ್ರಕಾರ ತುರ್ತು ಇದ್ದಾಗ ಮುಂಗಡಕ್ಕ ಪಟ್ಟು ಹಿಡಿಯಂಗಿಲ್ಲ, ಬಿಲ್ ಬಾಕಿ ಅಂತ ಶವ ಇಟ್ಕೊಳ್ಳಂಗಿಲ್ಲ. ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಅದ. ಬಿಲ್ಲಿನ ಪ್ರತಿ ಸಾಲಿನ ವಿವರ ಕೇಳೂದು ಜಗಳ ಅಲ್ಲ, ಲೆಕ್ಕ.

6/6
"ಕಾರ್ಡ್ ಇದ್ರೂ ಹಾಸಿಗಿ ಸಿಗಂಗಿಲ್ಲ, ಸ್ಪೆಷಲಿಸ್ಟ್ ಇರಂಗಿಲ್ಲ" ಅಂತೀರಿ. ಒಪ್ಪಿದೆ. ಅದಕ್ಕೇ ಕಾರ್ಡಷ್ಟ ಸಾಲದು. 2025ರಾಗ ವಿಜಯಪುರದಾಗ ಖಾಸಗಿ ಸಹಭಾಗಿತ್ವ ಬ್ಯಾಡ, ಪೂರ್ಣ ಸರ್ಕಾರಿ ಮೆಡಿಕಲ್ ಕಾಲೇಜು ಬೇಕು ಅಂತ ಮಂದಿ ಧರಣಿ ಕುಂತಿದ್ದು ಇದಕ್ಕೇ. ಕ್ಯೂಆರ್ ಕೋಡ್ ಒಂದು ಮನಿ ಉಳಿಸಬಹುದು, ಅದೂ ಫೋಟೊ ಚಲೋ ಬಂದು ಫಾಲೋವರ್ಸ್ ಇದ್ರ. ಫೋನೇ ಇಲ್ಲದ ಆಯಿ ಏನ್ ಮಾಡಬೇಕು? ದಾಸೋಹದ ನಾಡಿನ್ಯಾಗ ಆಕಿ ಜೀವ ಲೈಕ್ ಮ್ಯಾಲ ನಿಲ್ಲಬಾರದು.

ಇವತ್ತ ರಾತ್ರಿ ಊಟಕ್ಕ ಕುಂತಾಗ ಮನಿ ರೇಷನ್ ಕಾರ್ಡ್ ತೆಗೀರಿ. ಎಲ್ಲರ ಹೆಸರು ಅದಾವ? ಆಧಾರ್‌ಗೆ ಹೊಂದ್ತಾವ? ಗೊಂದಲ ಇದ್ರ 104ಕ್ಕ ಫೋನ್ ಮಾಡ್ರಿ. ಯಾರ ಹೆಸರು ಬಿಟ್ಟಿತ್ತು ಅಂತ ಕಾಮೆಂಟ್‌ನ್ಯಾಗ ಬರೀರಿ: ಸೊಸಿ, ಅಜ್ಜ, ಆಯಿ, ಇಷ್ಟ ಸಾಕು. ಸೇವ್ ಮಾಡ್ರಿ, ಕ್ಲಾಸ್ ಗ್ರೂಪಿಗೆ ಕಳಸ್ರಿ.

#ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಆರೋಗ್ಯನಮ್ಮಹಕ್ಕು