ಹೊರಡುವವರು ಯಾವಾಗಲೂ ಕೋಚ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ, ಒಂದು ಲಕ್ಷಕ್ಕಿಂತ ತುಸು ಹೆಚ್ಚು ಜನಸಂಖ್ಯೆಯ ಊರು. ಅಲ್ಲಿನ ಫುಟ್‌ಬಾಲ್ ತಂಡವಾದ ಪ್ಯಾಕರ್ಸ್‌ಗೆ ಒಬ್ಬ ಧಣಿ ಎಂಬುವವನಿಲ್ಲ. 1923ರಿಂದಲೂ ಅದು ಸಾರ್ವಜನಿಕರ ಸ್ವತ್ತು. ಇಂದು ಐದು ಲಕ್ಷಕ್ಕೂ ಮಿಕ್ಕಿದ ಷೇರುದಾರರಿದ್ದಾರೆ. ಆ ಷೇರಿಗೆ ಲಾಭಾಂಶವಿಲ್ಲ, ಮಾರಿ ಹಣ ಮಾಡುವಂತೆಯೂ ಇಲ್ಲ. ಆದರೂ ಜನ ಕೊಳ್ಳುತ್ತಾರೆ. ಇಂಥ ಊರಿನಲ್ಲಿ ತಂಡ ಸೋತ ಮರುದಿನದ ಮಾತುಕತೆಗೆ ಎಂಥ ಕಾವಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಮಾತು ಸುತ್ತುವುದು ಹೆಚ್ಚೂಕಡಿಮೆ ಎರಡೇ ಪ್ರಶ್ನೆಗಳ ಸುತ್ತ: ಕ್ವಾರ್ಟರ್‌ಬ್ಯಾಕ್ ಬದಲಾಗಬೇಕೇ? ಕೋಚ್ ಬದಲಾಗಬೇಕೇ?

ಈ ಫುಟ್‌ಬಾಲಿನಲ್ಲಿ ಚೆಂಡಿಗೆ ಕಾಲು ತಾಗುವುದು ಅಪರೂಪ. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡ ಮುನ್ನುಗ್ಗುವಾಗ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಯಾರಿಗೆ ಎಸೆಯಬೇಕೆಂದು ಎರಡು ಮೂರು ಕ್ಷಣಗಳಲ್ಲಿ ನಿರ್ಧರಿಸುವ ಆಟಗಾರ. ಯಾವ ತಂತ್ರವನ್ನು ಹೂಡಬೇಕೆಂದು ಅವನ ಕಿವಿಗೆ ಮುಟ್ಟಿಸುವುದು ಕೋಚ್ ಬಳಗ. ಗೆದ್ದರೆ ಕೀರ್ತಿ ಇಬ್ಬರಿಗೂ ಸಲ್ಲುತ್ತದೆ. ಸೋತಾಗ ಮಾತ್ರ ಹಂಚಿಕೆ ಸಮನಾಗಿರುವುದಿಲ್ಲ.

ಅಭಿಮಾನಿಗಳು ಇದನ್ನು ಯೋಗ್ಯತೆಯ ಪ್ರಶ್ನೆಯೆಂದು ಚರ್ಚಿಸುತ್ತಾರೆ. ನನಗೆ ಇದು ಬಹುಮಟ್ಟಿಗೆ ಲೆಕ್ಕದ ಪುಸ್ತಕದ ಪ್ರಶ್ನೆಯಾಗಿ ಕಾಣುತ್ತದೆ. ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡದ ಕಿಸೆಗೆ ಮಿತಿಯಿರುವಂತೆ, ಅಲ್ಲಿಯೂ ಆಟಗಾರರ ಒಟ್ಟು ಸಂಬಳಕ್ಕೆ 1994ರಿಂದ ಮಿತಿಯಿದೆ. 2024ರಲ್ಲಿ ಅದು ತಂಡವೊಂದಕ್ಕೆ 25.54 ಕೋಟಿ ಡಾಲರ್. ಅದೇ ವರ್ಷ ಪ್ಯಾಕರ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಜೊತೆ ನಾಲ್ಕು ವರ್ಷಕ್ಕೆ 22 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಇಂಥವರನ್ನು ನಡುವೆ ಕೈಬಿಟ್ಟರೆ, ಮುಂಗಡ ಕೊಟ್ಟ ಹಣದ ಉಳಿದ ಭಾಗ ತಂಡದ ಮಿತಿಯನ್ನು ತಿನ್ನುತ್ತಲೇ ಇರುತ್ತದೆ. ಕೋಚ್ ಸಂಬಳವಾದರೋ ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಜನರ ಕೋಪಕ್ಕೆ ಒಂದು ತಲೆ ಬೇಕಾದಾಗ ಅಗ್ಗದಲ್ಲಿ ಸಿಗುವುದು ಕೋಚ್ ತಲೆಯೇ.

ಮೈಕ್ ಮೆಕಾರ್ತಿ 2006ರಿಂದ ಪ್ಯಾಕರ್ಸ್ ಕೋಚ್ ಆಗಿದ್ದವರು. ಅವರ ಕಾಲದಲ್ಲಿಯೇ, ಆ್ಯರನ್ ರಾಜರ್ಸ್ ಕ್ವಾರ್ಟರ್‌ಬ್ಯಾಕ್ ಆಗಿ, ತಂಡ 2011ರ ಫೆಬ್ರವರಿಯಲ್ಲಿ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಗೆದ್ದಿತು. 2018ರ ಡಿಸೆಂಬರಿನಲ್ಲಿ, ತವರಿನಲ್ಲಿ ಒಂದು ಪಂದ್ಯ ಸೋತ ದಿನವೇ ಅವರನ್ನು ತೆಗೆದುಹಾಕಲಾಯಿತು. ಬಂದವರು ಮ್ಯಾಟ್ ಲಫ್ಲರ್. ಬದಲಾವಣೆ ಬೇಕೆಂದವರ ವಾದಕ್ಕೆ ಬಲವಿಲ್ಲದಿಲ್ಲ: ಮೊದಲ ಮೂರು ಋತುಗಳಲ್ಲಿ ಪ್ರತಿ ಬಾರಿಯೂ 13 ಗೆಲುವು, 2020 ಮತ್ತು 2021ರಲ್ಲಿ ರಾಜರ್ಸ್‌ಗೆ ಲೀಗಿನ ಅತ್ಯುತ್ತಮ ಆಟಗಾರನ ಪಟ್ಟ. ಆದರೆ ಆ ಮೂರೂ ವರ್ಷ ತಂಡ ಸೂಪರ್ ಬೌಲ್ ತಲುಪಲಿಲ್ಲ. ಮೆಕಾರ್ತಿಯವರ ಕೊನೆಯ ವರ್ಷಗಳಲ್ಲಿ ಯಾವ ಬಾಗಿಲು ತೆರೆದಿರಲಿಲ್ಲವೋ ಅದು ಲಫ್ಲರ್‌ಗೂ ತೆರೆಯಲಿಲ್ಲ.

ಅಭಿಮಾನಿಯ ಸಿಟ್ಟನ್ನು ಹಗುರಾಗಿ ಕಾಣುವವನು ನಾನಲ್ಲ. 2020ರಲ್ಲಿ, ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಉಳಿದಿದ್ದ ತಂಡ, ಆ ಕ್ಷಣಕ್ಕೆ ನೆರವಾಗುವ ಆಟಗಾರನನ್ನು ಬಿಟ್ಟು, ವರ್ಷಗಳ ಆಚೆಗೆ ಆಡಲಿರುವ ಲವ್ ಅವರನ್ನು ಮೊದಲ ಸುತ್ತಿನಲ್ಲಿ ಆರಿಸಿದಾಗ ಜನ ಕೆರಳಿದ್ದು ಸಹಜ. 2005ರಲ್ಲಿ ಬ್ರೆಟ್ ಫಾವ್ರ್ ಇನ್ನೂ ಆಡುತ್ತಿರುವಾಗಲೇ ರಾಜರ್ಸ್ ಅವರನ್ನು ಆರಿಸಿದ್ದ ತಂಡ ಇದು. ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆ ಕುಳಿತು ಕಲಿತರು. 2008ರಲ್ಲಿ ಫಾವ್ರ್ ನಿವೃತ್ತಿ ಘೋಷಿಸಿ, ಮತ್ತೆ ಮನಸ್ಸು ಬದಲಿಸಿ ಬಂದಾಗ ತಂಡ ಅವರನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳುಹಿಸಿತು, ಊರು ಇಬ್ಭಾಗವಾಯಿತು. ರಾಜರ್ಸ್ ಅವರ ಆ ಮೊದಲ ಋತು 6 ಗೆಲುವು, 10 ಸೋಲು. ಅಂದು ಕೂಗಿದವರ ಮಾತು ನಡೆದಿದ್ದರೆ 2011ರ ಕಪ್ ಇರುತ್ತಿರಲಿಲ್ಲ. ಲವ್ ಕೂಡ ಹಾಗೆಯೇ ಮೂರು ವರ್ಷ ಕಾದರು. 2023ರಲ್ಲಿ ರಾಜರ್ಸ್ ಕೂಡ, ವಿಚಿತ್ರವೆಂಬಂತೆ, ಅದೇ ಜೆಟ್ಸ್‌ಗೆ ಹೋದರು.

ಈ ಕಾಯುವಿಕೆ ಅಲ್ಲಿ ಸಾಧ್ಯವಾದುದಕ್ಕೆ ಒಂದು ಕಾರಣ, ಪ್ರತಿ ಸೋಲಿಗೂ ಉತ್ತರ ಕೇಳುವ ಒಬ್ಬ ಸಿರಿವಂತ ಒಡೆಯ ಇಲ್ಲದಿರುವುದೇ ಎಂದು ನನ್ನ ಊಹೆ. ಮಾಲೀಕರೆನಿಸಿದ ಲಕ್ಷಾಂತರ ಜನರಿಗೆ ಕೂಗುವ ಹಕ್ಕಿದೆ, ಕೋಚನ್ನು ಕಿತ್ತೊಗೆಯುವ ಹಕ್ಕಿಲ್ಲ. ಷೇರುದಾರನಿಗೆ ಇದು ಕಹಿಯಾಗಬಹುದು. ತಂಡಕ್ಕೆ ಹಿತವೆಂದೇ ನನಗನಿಸುತ್ತದೆ.

2024ರ ಜನವರಿಯಲ್ಲಿ ಲವ್ ಮುಂದಾಳತ್ವದ ಪ್ಯಾಕರ್ಸ್, ಡಲ್ಲಾಸ್ ತಂಡವನ್ನು ಅದರ ಅಂಗಳದಲ್ಲೇ 48–32ರಿಂದ ಸೋಲಿಸಿ ಋತುವಿನಿಂದ ಹೊರಗೆ ಹಾಕಿತು. ಎದುರು ಬದಿಯಲ್ಲಿ ನಿಂತಿದ್ದ ಕೋಚ್ ಮತ್ತಾರೂ ಅಲ್ಲ, ಮೆಕಾರ್ತಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಡಲ್ಲಾಸ್ ತನ್ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಜೊತೆ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಮರುವರ್ಷದ ಜನವರಿಯಲ್ಲಿ ಮೆಕಾರ್ತಿ ಅಲ್ಲಿಂದಲೂ ಹೊರಟರು.