ಗಾಜಿನ ನಳಿಕೆ ಮತ್ತು ಕಂಪ್ಯೂಟರಿನ ಜಗಳ

ನಮ್ಮ ಶಾಲೆಯಲ್ಲಿ ಓದಿ ಈಗ ಎಂಜಿನಿಯರಿಂಗ್ ಕಲಿಯುತ್ತಿರುವ ಹುಡುಗಿಯೊಬ್ಬಳು ಕಳೆದ ಡಿಸೆಂಬರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಮುಖ ಬಾಡಿತ್ತು. "ಸಾರ್, ಪ್ರಯೋಗ ತಪ್ಪಾಗಿದೆ. ರೀಡಿಂಗ್ ತಿದ್ದಿಬಿಡಲೇ?"

ಪ್ರಯೋಗ ನಿಮಗೆಲ್ಲ ಗೊತ್ತಿರುವುದೇ. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ನಳಿಕೆಯ ಬಾಯಿಗೆ ಹಿಡಿದು ನೀರಿನ ಮಟ್ಟ ಇಳಿಸುತ್ತ ಹೋದರೆ ಒಂದು ಕಡೆ ಸದ್ದು ಜೋರಾಗುತ್ತದೆ. ಅದೇ ಅನುನಾದ. ಅವಳ ನಳಿಕೆಯಲ್ಲಿ ಅದು 15.8 ಸೆಂ.ಮೀ.ಗೆ ಸಿಕ್ಕಿತ್ತು. ಮಲ್ಟಿಫಿಸಿಕ್ಸ್ ತಂತ್ರಾಂಶ ಮಾತ್ರ 16.75 ಎನ್ನುತ್ತಿತ್ತು.

ಈ ತಂತ್ರಾಂಶಗಳು (1986ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರಂಭವಾದ ಕಂಪನಿಯ ಕಾಮ್ಸಾಲ್ ಪ್ರಸಿದ್ಧವಾದದ್ದು) ಗಾಳಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿಕೊಂಡು ಒಂದೊಂದರಲ್ಲೂ ಒತ್ತಡವನ್ನು ಲೆಕ್ಕ ಹಾಕುತ್ತವೆ. ಒಂದು ತರಂಗದೂರಕ್ಕೆ ಐದಾರು ತುಂಡುಗಳಾದರೂ ಬೇಕು. 512 ಹರ್ಟ್ಸ್‌ಗೆ ತರಂಗದೂರ 67 ಸೆಂ.ಮೀ., ಕಷ್ಟವಿಲ್ಲ. 20,000 ಹರ್ಟ್ಸ್‌ಗೆ ಅದು ಬರೀ 1.7 ಸೆಂ.ಮೀ.! ಸಾಧಾರಣ ಕೋಣೆಯೊಂದಕ್ಕೇ ತುಂಡುಗಳ ಸಂಖ್ಯೆ ನೂರು ಕೋಟಿ ದಾಟುತ್ತದೆ. ಮಗನಿಗೆ ಹೊಸ ಕಂಪ್ಯೂಟರ್ ಕೊಡಿಸಿದ ಅಪ್ಪಂದಿರು ಗಾಬರಿಯಾಗಬೇಡಿ, ಅಂಥ ಲೆಕ್ಕಕ್ಕೆ ಬೇರೆ ಉಪಾಯಗಳಿವೆ.

ಅವಳ ತುಂಡುಗಳು ಸರಿಯಾಗಿದ್ದವು. ತಪ್ಪಿದ್ದು ನಳಿಕೆಯ ಬಾಯಲ್ಲಿ. ಅಲ್ಲಿ "ಒತ್ತಡ ಸೊನ್ನೆ" ಎಂದು ತಂತ್ರಾಂಶಕ್ಕೆ ಹೇಳಿಬಿಟ್ಟಿದ್ದಳು. ಅದು ವಿಧೇಯ ಶಿಷ್ಯನಂತೆ 67ರ ಕಾಲುಭಾಗ ಕೊಟ್ಟಿತು. ನಿಜದಲ್ಲಿ ಬಾಯಿಂದಾಚೆಯ ಗಾಳಿಯೂ ಸ್ವಲ್ಪ ಕುಣಿಯುತ್ತದೆ. ಹಾಗಾಗಿ ನಳಿಕೆ ತನ್ನ ತ್ರಿಜ್ಯದ ಸುಮಾರು 0.6 ಪಾಲು ಉದ್ದವಾದಂತೆ ವರ್ತಿಸುತ್ತದೆ. ಅವಳ ನಳಿಕೆಯ ವ್ಯಾಸ 3 ಸೆಂ.ಮೀ. ಅಂದರೆ 0.9 ಸೆಂ.ಮೀ. ಕಳೆಯಬೇಕು. ಕಳೆದು ನೋಡಿ.

ಹೊರಗಡೆ ಗಾಳಿಯ ಒಂದು ಗೋಳ ಬರೆಯಲು ಹೇಳಿದೆ. ಬರೆದಳು, ಉತ್ತರ ಇನ್ನೂ ಕೆಟ್ಟಿತು! ಗೋಳದ ಅಂಚು ಗೋಡೆಯಂತಾಗಿ ಧ್ವನಿ ಹಿಂದಿರುಗುತ್ತಿತ್ತು. ಇದು ನನಗೆ ಹೊಳೆಯಲಿಲ್ಲ, ಅರ್ಧ ಗಂಟೆ ಕೈಪಿಡಿ ತಿರುವಿ ಅವಳೇ ಕಂಡುಹಿಡಿದಳು. ಅಂಚಿಗೆ ಧ್ವನಿ ಹೀರುವ ಪದರ ಹಾಕಿದ ಮೇಲೆ 15.8ರ ಹತ್ತಿರಕ್ಕೆ ಬಂತು.

ಬಿ.ಎಸ್ಸಿ.ಯಲ್ಲಿ ನಾನು ಇದೇ ಪ್ರಯೋಗದ ರೀಡಿಂಗನ್ನು ಸೂತ್ರಕ್ಕೆ ಹೊಂದುವಂತೆ ತಿದ್ದಿ ಪೂರ್ತಿ ಅಂಕ ಪಡೆದಿದ್ದೆ. ಅದನ್ನೂ ಅವಳಿಗೆ ಹೇಳಿದೆ.

ಕಾಮ್ಸಾಲ್ ದುಬಾರಿ, ಕಾಲೇಜಿನಲ್ಲಿ ಪರವಾನಗಿ ಇದೆಯೇ ಕೇಳಿ ನೋಡಿ. ಫಿನ್‌ಲೆಂಡಿನ ಎಲ್ಮರ್ ಉಚಿತವಾಗಿ ಸಿಗುತ್ತದೆ, ಕಲಿಯಲು ತಾಳ್ಮೆ ಬೇಕು.